ಕೊರಳು ಕೊಯ್ದ ಹಕ್ಕಿಯ ಅಂಚೆಚೀಟಿ

ಅದ್ರಾಮಚ್ಚ ಕಾಗದ ಕತ್ತರಿಸುವಾಗ ಕಾಗದವನ್ನು ನೋಡುತ್ತಿರಲಿಲ್ಲ. ಎದುರಿಗೆ ಕೂತವರ ಮುಖ ನೋಡುತ್ತ ಮಾತಾಡುತ್ತಿದ್ದರು. ಕೆಳಗೆ ಮಡಿಲಲ್ಲಿ ಕತ್ತರಿ, ಬೇರೆ ಯಾರದೋ ಕೈಯಲ್ಲಿದ್ದಂತೆ, ತನ್ನ ಪಾಡಿಗೆ ಓಡುತ್ತಿತ್ತು. ಮಾತು ಮುಗಿದ ಮೇಲೆ ಮಡಿಕೆ ಬಿಡಿಸಿ ಎತ್ತಿ ಹಿಡಿದರೆ ತೆಳು ಕಾಗದದ ತುಂಬ ಬಳ್ಳಿ, ಚಂದ್ರ, ದೀಪಗಳ ಸಾಲು. ಆ ತೂತುಗಳ ಆಚೆಯಿಂದ ಅವರ ಕಣ್ಣು ಇನ್ನೂ ನನ್ನನ್ನೇ ನೋಡುತ್ತಿರುತ್ತಿತ್ತು. ಮೊದಲ ಸಲ ಕಂಡಾಗ ಮೈ ಜುಮ್ಮೆಂದಿತ್ತು ಎಂದು ನನ್ನ ನೆನಪು. ಆಮೇಲೆ ನಡೆದದ್ದರ ನೆರಳು ಆ ಮೊದಲ ದಿನದ ಮೇಲೂ ಬಿದ್ದು ಹಾಗೆ ಅನ್ನಿಸುತ್ತಿದೆಯೋ ಏನೋ.

ದುಬೈನ ದೇರಾದ ಒಂದು ಗಲ್ಲಿಯಲ್ಲಿ ಅವರ ಅಂಗಡಿ. ಬಣ್ಣದ ಕಾಗದ, ಬಲೂನು, ಉಡುಗೊರೆ ಸುತ್ತುವ ಹಾಳೆಗಳ ವ್ಯಾಪಾರ. ಬಂಟ್ವಾಳದ ಕಡೆಯ ಬ್ಯಾರಿಗಳು. ಅಬ್ದುಲ್ ರಹಿಮಾನ್ ಎಂಬ ಹೆಸರು ಊರವರ ಬಾಯಲ್ಲಿ ಅದ್ರಾಮ ಆಗಿ, ಅಣ್ಣ ಎಂಬರ್ಥದ ‘ಇಚ್ಚ’ ಸೇರಿ ಅದ್ರಾಮಚ್ಚ ಆಗಿತ್ತು. ನಾನು ಮೈಸೂರಿನವಳು, ಜೆಬೆಲ್ ಅಲಿಯ ಒಂದು ಹಡಗು ಸರಕಿನ ಕಚೇರಿಯಲ್ಲಿದ್ದೆ. ಶುಕ್ರವಾರ ಊದ್ ಮೇಥಾದಲ್ಲಿ ನಮ್ಮವರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದುದರಿಂದ ಅವರಿಗೆ ನಾನು ‘ಟೀಚರ್’.

“ನಿಮ್ಮ ಶಾಲೆಯ ಹುಡುಗ ಬಂದಿದ್ದ ಟೀಚರ್. ‘ಕಾಗದ ಯಾವ ಬಣ್ಣದ್ದು ಬೇಕು ಮಗಾ’ ಅಂತ ಕೇಳಿದೆ. ‘ಎನಿಥಿಂಗ್ ಅಂಕಲ್’ ಅಂದ. ಇದಾ ನೀವು ಕಲಿಸಿದ್ದು?”

ಆ ವರ್ಷ ರಾಜ್ಯೋತ್ಸವದ ವೇದಿಕೆಗೆ ಗಂಡಭೇರುಂಡ ಕತ್ತರಿಸಿಕೊಡಿ ಎಂದು ಕೇಳಿದ್ದೆ. ಅವರು ಒಪ್ಪಿಕೊಂಡರು. ಹಕ್ಕಿ ಸೊಗಸಾಗಿಯೇ ಬಂತು. ಆದರೆ ಎರಡೂ ಕೊರಳಿಗೆ ಅಡ್ಡಲಾಗಿ ಕೂದಲೆಳೆಯಷ್ಟು ಸಣ್ಣ ಸೀಳು ಇತ್ತು.

“ಕತ್ತರಿ ಜಾರಿತಾ ಅದ್ರಾಮಚ್ಚ?”

“ಜಾರ್ಲಿಕ್ಕೆ ಎಂತ? ಕೊಯ್ದದ್ದು. ಎರಡು ತಲೆ ಅಲ್ವಾ, ಎರಡು ಸಲ ಕೊಯ್ಬೇಕಾಯ್ತು.”

ಅವರ ತಂದೆ ಊರಿನ ಮಸೀದಿಗೆ ಮೀಲಾದ್ ಹಬ್ಬದ ತೋರಣ ಕತ್ತರಿಸುತ್ತಿದ್ದವರು. ಜೀವ ಇರುವುದರ ಚಿತ್ರ ಮಾಡಬಾರದೆಂದು ಬಳ್ಳಿ, ಚಂದ್ರ ಬಿಟ್ಟು ಬೇರೇನೂ ಕತ್ತರಿಸುತ್ತಿರಲಿಲ್ಲ. ಕಿರಿಯ ಮಗ ಉಸ್ಮಾನ್ ಒಮ್ಮೆ ಕದ್ದು ಹಕ್ಕಿ ಮಾಡಿದ. ತಂದೆ ಕೆನ್ನೆಗೊಂದು ಕೊಟ್ಟರು. ಆಮೇಲೆ ಹಕ್ಕಿಯ ಚೆಂದ ನೋಡಿ ಹರಿಯಲು ಮನಸ್ಸು ಬಾರದೆ ಅದರ ಕೊರಳಿಗೊಂದು ಸೀಳು ಹಾಕಿ, “ಇನ್ನು ಇದಕ್ಕೆ ಜೀವ ಇಲ್ಲ, ಇಟ್ಕೊ” ಎಂದರಂತೆ. ಅಂದಿನಿಂದ ಉಸ್ಮಾನ್ ಎಷ್ಟು ಹಕ್ಕಿ ಮಾಡಿದರೂ ಕೊರಳು ಕೊಯ್ದೇ ಮಾಡುತ್ತಿದ್ದ.

“ನಾನು ಅವನದ್ದನ್ನು ನೋಡಿ ಕಲಿತದ್ದು. ಅವನಷ್ಟು ಸಪೂರ ನನಗೆ ಬರುದಿಲ್ಲ.”

ಉಸ್ಮಾನ್ ಈಗೆಲ್ಲಿ ಎಂದು ಕೇಳಿ ಆ ಮನೆಯ ಸಂಕಟ ತಿಳಿದೆ. ಅಣ್ಣನ ಅಂಗಡಿಯಲ್ಲಿದ್ದವನು ಅಡುಗೆಯವನಾಗಿ ಸರಕಿನ ಹಡಗು ಹತ್ತಿದ್ದ. ದೂರದ ಯಾವುದೋ ಬಂದರಿನಲ್ಲಿ ಇಳಿದವನು ಹಡಗಿಗೆ ಮರಳಲಿಲ್ಲ. ಫೋನಿಲ್ಲ, ಸುದ್ದಿಯಿಲ್ಲ. ಹೆಂಡತಿ ಜುಬೈದಾ ಊರಲ್ಲಿ ಕಾದು ಕಾದು ಮೂವತ್ತು ದಾಟಿದ್ದಳು. ಈಗ ವಿಟ್ಲದ ಒಬ್ಬ ವಿಧುರ ಅವಳನ್ನು ಕೇಳುತ್ತಿದ್ದ, ಅವಳಿಗೂ ಮನಸ್ಸಿತ್ತು. ಹಿರಿಯಣ್ಣ ತನ್ನ ತಮ್ಮ ತೀರಿಹೋದನೆಂದು ನಂಬಿ ಮಾತು ಕೊಟ್ಟರೆ ಮುಂದುವರಿಯಬಹುದು ಎಂದು ಊರಿನ ಮಸೀದಿಯ ಉಸ್ತಾದರು ಹೇಳಿದ್ದರು. ಅದ್ರಾಮಚ್ಚ ಮಾತು ಕೊಟ್ಟಿರಲಿಲ್ಲ.

“ಕೊಟ್ರೆ ನಾನೇ ಅವನನ್ನು ಕೊಂದ ಹಾಗೆ. ಕೊಡದಿದ್ರೆ ಅವಳನ್ನು.”

ಕೆಲವು ತಿಂಗಳ ಮೇಲೆ ನಮ್ಮ ಕಚೇರಿಗೆ ಮೆಕ್ಸಿಕೋದಿಂದ ಒಂದು ಲಕೋಟೆ ಬಂತು. ಅದರ ಅಂಚೆಚೀಟಿಯಲ್ಲಿ ಆ ದೇಶದ ಕಾಗದ ಕತ್ತರಿಸುವ ಕಲೆಯ ಚಿತ್ರವಿತ್ತು: ಗುಲಾಬಿ ಬಣ್ಣದ ತೆಳು ಹಾಳೆ, ನಡುವೆ ಹೂಮರ, ಕೆಳಗೆ ಗಿಟಾರ್ ಹಿಡಿದ ಅಸ್ಥಿಪಂಜರ, ಮರದ ಮೇಲೆ ಒಂದು ಹಕ್ಕಿ. ಅವರಿಗೆ ಖುಷಿಯಾಗಲಿ ಎಂದು ಚೀಟಿಯನ್ನು ಕತ್ತರಿಸಿ ಒಯ್ದೆ.

ಅವರು ಅದನ್ನು ಗಾಜಿನ ಮೇಜಿನ ಮೇಲಿಟ್ಟು ಬಗ್ಗಿದರು. ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಉಗುರಿನಿಂದ ತೋರಿಸಿದರು. ಹಕ್ಕಿಯ ಕೊರಳಿಗೆ ಅಡ್ಡಲಾಗಿ ಸಪೂರ ಬಿಳಿ ಗೆರೆ.

“ಉಸ್ಮಾನ್,” ಎಂದರು. ಯಾರನ್ನೋ ಕರೆಯುವ ಧ್ವನಿಯಲ್ಲಿ.

ತಲೆಯ ಮೇಲೆ ಕಟ್ಟಿದ್ದ ತೋರಣಗಳೆಲ್ಲ ಒಂದೇ ಕಡೆಗೆ ಸರ್ರನೆ ಬಾಗಿದವು. ಯಾರೋ ಬಾಗಿಲು ತೆರೆದಿರಬೇಕು ಎಂದು ತಿರುಗಿ ನೋಡಿದೆ. ಬಾಗಿಲು ಮುಚ್ಚಿತ್ತು. ಏಸಿಯ ಗಾಳಿ ಇದ್ದೀತು. ಆ ಗೆರೆಯೂ ಅಚ್ಚಿನ ದೋಷವಿದ್ದೀತು. ಇದನ್ನೆಲ್ಲ ಆಗಲೇ ಯೋಚಿಸಿದೆನೋ, ಈಗ ಬರೆಯುವಾಗ ಸೇರಿಸಿಕೊಳ್ಳುತ್ತಿದ್ದೇನೋ, ಖಚಿತವಿಲ್ಲ.

“ಈ ಕಾಗದ ಅಲ್ಲಿ ಯಾವುದಕ್ಕೆ ಕಟ್ಟುದು ಟೀಚರ್? ಸ್ವಲ್ಪ ನೋಡಿ ಹೇಳಿ.”

ಕಚೇರಿಯ ಕಂಪ್ಯೂಟರಿನಲ್ಲಿ ಹುಡುಕಿ ಮಾರನೆಯ ವಾರ ಹೇಳಿದೆ. ಹಬ್ಬಕ್ಕೆ, ಮದುವೆಗೆ ಎಲ್ಲಕ್ಕೂ ಕಟ್ಟುತ್ತಾರಂತೆ. ಆದರೆ ಅಸ್ಥಿಪಂಜರದ್ದನ್ನು, ಸತ್ತವರು ವರ್ಷಕ್ಕೊಮ್ಮೆ ಮನೆಗೆ ಬರುತ್ತಾರೆ ಎನ್ನುವ ದಿನಗಳಲ್ಲಿ ಕಟ್ಟುತ್ತಾರಂತೆ.

“ಕತ್ತರಿಸುದು ಯಾರು? ಸತ್ತವರಾ, ಬದುಕಿದವರಾ?”

“ಬದುಕಿದವರೇ ಅದ್ರಾಮಚ್ಚ. ಇನ್ಯಾರು?”

ಅವರು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಮುಂದಿನ ಸಲ ಹೋದಾಗ ನಾನು ಕೂರುವ ಮೊದಲೇ ಹೇಳಿದರು: “ಊರಿಗೆ ಫೋನ್ ಮಾಡಿ ಮಾತು ಕೊಟ್ಟೆ. ಅವ ಇಲ್ಲ.”

“ಆದರೆ ಆ ಹಕ್ಕಿ ಅವನೇ ಮಾಡಿದ್ದಾದರೆ ಬದುಕಿದ್ದಾನೆ ಅಂತಲೇ ಅಲ್ಲವಾ?”

“ನಾನೂ ಮೂರು ದಿನ ಅದನ್ನೇ ಯೋಚಿಸಿದ್ದು. ಸ್ಟಾಂಪಿಗೆ ಹಕ್ಕಿ ಮಾಡ್ಲಿಕ್ಕೆ ಪುರ್ಸೊತ್ತು ಉಂಟು, ಹೆಂಡ್ತಿಗೆ ಒಂದು ಫೋನ್ ಮಾಡ್ಲಿಕ್ಕೆ ಇಲ್ಲ. ಹಾಗಿರುವವ ನನ್ನ ತಮ್ಮ ಅಲ್ಲ. ಇದನ್ನು ಮಾಡಿದ್ದು ನನ್ನ ತಮ್ಮನೇ ಆದ್ರೆ, ಅವ ಸತ್ತ ಮೇಲೆ ಮಾಡಿದ್ದು.”

ಕತ್ತರಿ ಅವರ ಮಡಿಲಲ್ಲಿ ಓಡುತ್ತಲೇ ಇತ್ತು.

ಜುಬೈದಾಳ ನಿಕಾಹ್ ಆಯಿತು. ಅದರ ಮರುವಾರ, ಮಧ್ಯಾಹ್ನ ಅಂಗಡಿಗಳೆಲ್ಲ ಮುಚ್ಚಿರುವ ಹೊತ್ತಿನಲ್ಲಿ, ನಾನು ಆ ಗಲ್ಲಿಗೆ ಹೋದೆ. ಅದ್ರಾಮಚ್ಚನ ಷಟರ್ ಅರ್ಧ ಎತ್ತಿತ್ತು. ಉದ್ದಕ್ಕೂ ಬಿಸಿಲು, ಒಂದು ಬೆಕ್ಕೂ ಇಲ್ಲ. ಆ ಗಲ್ಲಿಗೆ ಇರುವುದು ಒಂದೇ ಬಾಯಿ, ನಾನು ಬಂದದ್ದೂ ಅಲ್ಲಿಂದಲೇ. ಒಳಗೆ ಮೇಜಿನ ಮೇಲೆ ಸುಲೈಮಾನಿ ಚಹಾದ ಎರಡು ಲೋಟ. ಅವರ ಮುಂದಿನದು ತುಂಬಿತ್ತು, ಆಚೆಯದು ಬರಿದಾಗಿತ್ತು. ಜಾಗ ಮಾಡಿಕೊಳ್ಳಲು ಬರಿ ಲೋಟ ಸರಿಸಿದೆ. ಬಿಸಿ ಇತ್ತು. ದುಬೈನ ಜುಲೈಯಲ್ಲಿ ಯಾವ ಲೋಟ ತಾನೇ ತಣ್ಣಗಿರುತ್ತದೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

“ಯಾರು ಬಂದಿದ್ದರು?”

“ಅವನೇ. ನೀವು ಬರುವಾಗ ಎದುರು ಸಿಕ್ಕಿರ್ಬೇಕಲ್ಲ?”

“ನನಗೆ ಯಾರೂ ಸಿಗಲಿಲ್ಲ.”

ಅವರಿಗೆ ಅದರಿಂದ ಆಶ್ಚರ್ಯವಾದಂತೆ ಕಾಣಲಿಲ್ಲ.

ಅದೇ ನಮ್ಮ ಕೊನೆಯ ಭೇಟಿ. ರಜೆ ಮುಗಿಸಿ ಮೈಸೂರಿನಿಂದ ಮರಳಿದಾಗ ಅಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಬಂದಿತ್ತು. ಅದ್ರಾಮಚ್ಚ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋದರೆಂದು ಪಕ್ಕದ ದರ್ಜಿ ಹೇಳಿದ. ಅವರಿಗೆ ಬುದ್ಧಿ ಭ್ರಮಿಸಿತ್ತೇ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಆ ಮಧ್ಯಾಹ್ನ ಅವರು ಬಹಳ ದಿನಗಳ ಮೇಲೆ ನಿದ್ದೆ ಮಾಡಿ ಎದ್ದವರ ಹಾಗಿದ್ದರು.

“ಅವನಿಗೆ ಹೇಳಿದಿರಾ, ಜುಬೈದಾಳ ವಿಷಯ?” ಎಂದು ನಾನು ಕೇಳಿದ್ದೆ. ಹಾಗೆ ಕೇಳುವುದು ಆಗ ಅತ್ಯಂತ ಸಹಜ ಅನ್ನಿಸಿತ್ತು.

“ಹೇಳಿದೆ. ಮತ್ತೆ ಮುಚ್ಚಿಡ್ಲಿಕ್ಕೆ ಆಗ್ತದಾ?”

“ಏನಂದ?”

“ಬೇರೆ ಎಂತದೂ ಇಲ್ಲ. ‘ಅವಳನ್ನು ಒಳ್ಳೆದು ನೋಡ್ಕೊಳ್ತಾನಾ’ ಅಂತ ಕೇಳಿದ. ಹೌದು ಅಂದೆ. ಚಾ ಕುಡಿದು ಎದ್ದ.”