ಡಾಕ್ಟರ ಹನ್ನೆರಡನೆಯ ಬಾಣ

ಲಾಕ್‌ಡೌನ್ ಮುಗಿದು ಮಲೇಷ್ಯಾದಿಂದ ಜನ ಮತ್ತೆ ಹೊರದೇಶಗಳಿಗೆ ಓಡಾಡತೊಡಗಿದ ಮರುವರ್ಷದ ಮಾತು. ನಾನಾಗ ಇಲ್ಲಿಯ ನಿಲಾಯ್ ಪಟ್ಟಣದ ಗೋದಾಮು ಸಾಲಿನಲ್ಲಿದ್ದ ಒಂದು ಆರ್ಚರಿ ಅಂಗಡಿಯಲ್ಲಿ ಹಿರಿಯ ಟೆಕ್ನಿಶಿಯನ್. ಬಿಲ್ಲಿನ ಹೆದೆ ಬದಲಿಸುವುದು, ಬಾಣ ಕತ್ತರಿಸಿ ಜೋಡಿಸುವುದು, ಗಿರಾಕಿಯ ತೋಳಿನ ಅಳತೆಗೆ ಎರಡನ್ನೂ ಹೊಂದಿಸುವುದು ನನ್ನ ಕೆಲಸ. ಅಂಗಡಿಯ ಹಿಂಭಾಗದಲ್ಲೇ ಮೂವತ್ತು ಗಜದ ಒಳಾಂಗಣ ರೇಂಜ್ ಇತ್ತು. ಮಾಲೀಕ ಸೆಲ್ವಂ ಇಲ್ಲೇ ಹುಟ್ಟಿ ಬೆಳೆದ ತಮಿಳರು. ನಾನು ಮಂಗಳೂರಿನವನು, ಹೆಸರು ವಿಲ್ಫ್ರೆಡ್. ಎಲ್ಲರಿಗೂ ವಿಲ್ಲಿ.

ನಮ್ಮ ಗಿರಾಕಿಗಳು ಕಾಗದದ ಗುರಿಗೆ ಹೊಡೆಯುವವರು. ಬೇಟೆಯ ಬಾಣ ಕೇಳಿಕೊಂಡು ಬಂದವರು ಒಬ್ಬರೇ, ಡಾಕ್ಟರ್ ರಘುರಾಮ್. ಮಣಿಪಾಲದಲ್ಲಿ ಓದಿ ಹತ್ತಿರದ ಮೆಡಿಕಲ್ ಕಾಲೇಜೊಂದರಲ್ಲಿ ಮೂಳೆ ವಿಭಾಗದ ಪ್ರೊಫೆಸರ್ ಆಗಿದ್ದವರು. ಅಮೆರಿಕದಲ್ಲಿದ್ದ ಅವರ ಭಾವ ಏಪ್ರಿಲ್‌ನಲ್ಲಿ ಕಾಡು ಟರ್ಕಿ ಬೇಟೆಗೆ ಕರೆದಿದ್ದರು. ಅಲ್ಲಿ ಪರವಾನಗಿ ಪಡೆದು ಬಿಲ್ಲಿನಿಂದ ಟರ್ಕಿ ಹೊಡೆಯಬಹುದು.

ಟರ್ಕಿ ನೋಡಲು ದೊಡ್ಡ ಹಕ್ಕಿ. ಆದರೆ ಆ ಗಾತ್ರದಲ್ಲಿ ಹೆಚ್ಚಿನದು ಗರಿ. ತಾಗಿದರೆ ಅಲ್ಲೇ ಬೀಳುವ ಜಾಗ, ಅಂದರೆ ಹೃದಯ ಮತ್ತು ಶ್ವಾಸಕೋಶ, ಒಂದು ಮೂಸಂಬಿಯಷ್ಟು. ಬೇಟೆಗೆ ಬಳಸುವ ಅಲಗಿನ ತುದಿಗೆ ಬ್ರಾಡ್‌ಹೆಡ್ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ. ಫಿಕ್ಸೆಡ್‌ನಲ್ಲಿ ಅಲಗುಗಳು ಸದಾ ತೆರೆದಿರುತ್ತವೆ. ಮೆಕ್ಯಾನಿಕಲ್‌ನಲ್ಲಿ ಹಾರುವಾಗ ಮಡಚಿಕೊಂಡಿದ್ದು, ತಾಗಿದ ಕೂಡಲೇ ಬಿಚ್ಚಿಕೊಳ್ಳುತ್ತವೆ. ತೆರೆದ ಅಲಗು ಗಾಳಿಯಲ್ಲಿ ಪುಟ್ಟ ರೆಕ್ಕೆಯಂತೆ ವರ್ತಿಸುತ್ತದೆ. ಬಾಣ ಕೂದಲೆಳೆಯಷ್ಟು ವಾರೆಯಾಗಿ ಹೊರಟರೂ ಆ ರೆಕ್ಕೆ ಅದನ್ನು ಇನ್ನಷ್ಟು ಪಕ್ಕಕ್ಕೆ ಒಯ್ಯುತ್ತದೆ. ಅಭ್ಯಾಸಕ್ಕೆ ಬಳಸುವ ಅಲಗಿಲ್ಲದ ಮೊನಚು ತುದಿ, ಫೀಲ್ಡ್ ಪಾಯಿಂಟ್, ಹೊಡೆಯುವವನ ಈ ತಪ್ಪನ್ನು ಮುಚ್ಚಿಹಾಕುತ್ತದೆ.

ನಾನು ಮೆಕ್ಯಾನಿಕಲ್ ತೆಗೆದುಕೊಳ್ಳಲು ಹೇಳಿದೆ. ಡಾಕ್ಟರು ಕೇಳಲಿಲ್ಲ.

"ಒಳಗೆ ಸ್ಪ್ರಿಂಗ್, ಕೀಲು ಅಂತೆಲ್ಲ ಇದ್ದರೆ ಸಮಯಕ್ಕೆ ಸರಿಯಾಗಿ ಕೈ ಕೊಡ್ತದೆ ಮಾರಾಯ. ನಾನು ದಿನಾ ಮೂಳೆಗೆ ಸ್ಕ್ರೂ ಹಾಕುವವ, ನಂಗೆ ಗೊತ್ತುಂಟು. ಫಿಕ್ಸೆಡ್ಡೇ ಹಾಕು, ಇದ್ದದ್ದರಲ್ಲಿ ಅಗಲದ್ದು."

ಅವರ ಬಿಲ್ಲಿನ ಎಳೆತ ಐವತ್ತೆಂಟು ಪೌಂಡ್. ಅದಕ್ಕೆ ತಕ್ಕ ಗಡಸಿನ ಕಾರ್ಬನ್ ಶಾಫ್ಟ್ ಆರಿಸಿ, ಇಪ್ಪತ್ತೆಂಟೂವರೆ ಇಂಚಿಗೆ ಕತ್ತರಿಸಿದೆ. ತುದಿ ಸೇರಿ ಒಂದೊಂದು ಬಾಣ ನಾನೂರ ಇಪ್ಪತ್ತೈದು ಗ್ರೇನ್ ತೂಗಿತು. ಗ್ರೇನ್ ಎಂಬುದು ಬಾಣ ತೂಗುವ ಅಳತೆ, ಹದಿನೈದು ಗ್ರೇನ್ ಎಂದರೆ ಸುಮಾರು ಒಂದು ಗ್ರಾಂ. ಇದನ್ನೆಲ್ಲ ಬರೆದಿಡುವ ಸೆಟಪ್ ಕಾರ್ಡಿನ ಕೊನೆಯ ಸಾಲು ಹೀಗಿತ್ತು: ಬ್ರಾಡ್‌ಹೆಡ್ ಹಾಕಿ ಹೊಡೆದು ನೋಡಲಾಗಿದೆ ಅಥವಾ ಇಲ್ಲ, ಗಿರಾಕಿಯ ಸಹಿ.

ಡಾಕ್ಟರು ಹೊಡೆದು ನೋಡಲಿಲ್ಲ. ಅಲಗು ಮೊಂಡಾಗುತ್ತದೆ ಎಂದರು. ಫೀಲ್ಡ್ ಪಾಯಿಂಟ್‌ನಲ್ಲಿ ಆರು ಬಾಣ ಅಂಗೈಯಗಲದೊಳಗೆ ಕೂತದ್ದೇ ಅವರಿಗೆ ಸಾಕಾಯಿತು. ಸಹಿ ಹಾಕಿಸಬೇಕಿತ್ತು. ಆದರೆ ನನ್ನ ಹೆಂಡತಿಯ ಮೊಣಕಾಲು ನೋಡಿ, ಸೋದರನಂತೆ ಮನೆಗೇ ಬಂದು ವ್ಯಾಯಾಮ ಹೇಳಿಕೊಟ್ಟ ಊರಿನ ಕಡೆಯ ಡಾಕ್ಟರ ಮುಂದೆ ಪೆನ್ನು ಹಿಡಿಯುವುದು ಹೇಗೆ? ಬೇರೆ ಗಿರಾಕಿಯಾಗಿದ್ದರೆ ಹಿಡಿಯುತ್ತಿದ್ದೆ. ನಮ್ಮವರೆಂದು ಆ ಸಾಲನ್ನು ಖಾಲಿ ಬಿಟ್ಟೆ. ತಪ್ಪು ನನ್ನದೇ.

ಜೂನ್‌ನಲ್ಲಿ ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನ ಸಭಾಂಗಣವೊಂದರಲ್ಲಿ ಕನ್ನಡಿಗರ ಊಟದ ಕೂಟವಿತ್ತು. ಬೇಟೆ ಏನಾಯಿತೆಂದು ಯಾರೋ ಕೇಳಿದರು. ಡಾಕ್ಟರು ಬಾಳೆಲೆಯ ಮುಂದೆ ಕೂತೇ ಉತ್ತರ ಕೊಟ್ಟರು.

"ಎಂತ ಬೇಟೆ? ನಮ್ಮ ವಿಲ್ಲಿ ಜೋಡಿಸಿದ ಬಾಣ ಅಲ್ವಾ! ನಾನು ಬಿಟ್ಟದ್ದು ಟರ್ಕಿಗೆ, ಅದು ಎಡಕ್ಕೆ ಇಂಡಿಕೇಟರ್ ಹಾಕಿ ಪುತ್ರಜಯಾಕ್ಕೆ ಹೋಯ್ತು."

ಅಮೆರಿಕದ ಬೇಟೆಯಲ್ಲಿ ಮಲೇಷ್ಯಾದ ಸರ್ಕಾರಿ ನಗರದ ಹೆಸರು ಕೇಳಿ ಇಡೀ ಪಂಕ್ತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಎದುರು ಸಾಲಿನಲ್ಲಿದ್ದ ಪದ್ಮಿನಿ ಮೇಡಂ, ನಮ್ಮ ರೇಂಜ್‌ಗೆ ವಾರವಾರ ಬರುತ್ತಿದ್ದ ಲೆಕ್ಚರರ್. ಡಾಕ್ಟರು ಮುಂದುವರಿಸಿ, ಬಾಣ ಹಕ್ಕಿಯ ತೊಡೆಗೆ ತಾಗಿತೆಂದೂ ಅದು ಕಾಲೆಳೆದುಕೊಂಡು ಪೊದೆಗೆ ನುಗ್ಗಿತೆಂದೂ ಎರಡು ಗಂಟೆ ಹುಡುಕಿದರೂ ಸಿಗಲಿಲ್ಲವೆಂದೂ ಹೇಳಿದರು. ಆಗ ಯಾರೂ ನಗಲಿಲ್ಲ. ಪಾಯಸ ಬಂತು, ಮಾತು ಬದಲಾಯಿತು.

ಕೂಟದ ಮಾತು ಅಂಗಡಿಗೂ ಮುಟ್ಟಿತು. ಸೋಮವಾರ ಸೆಲ್ವಂ ಕಾರ್ಡ್ ತೆಗೆಸಿ ನೋಡಿದರು. ಸಹಿ ಇರಲಿಲ್ಲ. "ಡಾಕ್ಟರ್ ಸುಳ್ಳು ಹೇಳ್ತಾರಾ ಲಾ?" ಎಂದು, ಇಲ್ಲಿಯವರ ಮಾತಿನ ಕೊನೆಗೆ ಬರುವ ಆ 'ಲಾ' ಸೇರಿಸಿ, ಅಷ್ಟೇ ಕೇಳಿದರು. ಮರುದಿನದಿಂದ ನನ್ನ ಮೇಜು ಕ್ವಾಲಾಲಂಪುರದಿಂದ ಬಂದ ಹೊಸಬನಿಗೆ ಹೋಯಿತು. ನನಗೆ ಕೈಗವಸು, ತೋಳುಪಟ್ಟಿ ಮಾರುವ ಕೌಂಟರ್. ಹದಿನೇಳು ವರ್ಷ ಬಾಣ ಜೋಡಿಸಿದವನು ಎಂಟು ತಿಂಗಳು ಮಕ್ಕಳ ಕೈಗೆ ಗವಸಿನ ಅಳತೆ ನೋಡಿದೆ. ರೇಂಜ್‌ನ ಹಳಬರು ದಾಟಿಹೋಗುವಾಗ ಎಡಗೈಯಲ್ಲಿ ಇಂಡಿಕೇಟರ್ ತೋರಿಸುತ್ತಿದ್ದರು. ಒಬ್ಬೊಬ್ಬರ ಹೆಸರೂ ನನಗೆ ನೆನಪಿದೆ.

ಫೆಬ್ರವರಿಯಲ್ಲಿ ಹೊಸಬ ಕೆಲಸ ಬಿಟ್ಟು ಜೋಹೋರ್‌ಗೆ ಹೋದ. ಅದೇ ವಾರ ಡಾಕ್ಟರು ಬಂದರು. ಏಪ್ರಿಲ್‌ಗೆ ಮತ್ತೆ ಟರ್ಕಿ, ಒಂದು ಡಜನ್ ಬಾಣ, ಅದೇ ಫಿಕ್ಸೆಡ್ ತುದಿ. "ಈ ಸಲವಾದರೂ ಸರಿ ಮಾಡು ಮಾರಾಯ" ಎಂದು ಬೆನ್ನು ತಟ್ಟಿದರು. ಸೆಲ್ವಂ ಮೇಜಿನ ಬೀಗದ ಕೈಯನ್ನು ನನ್ನ ಮುಂದಿಟ್ಟರು.

ಆ ಗುರುವಾರ ಮಧ್ಯಾಹ್ನ ನಾನು ಮಾಡಿದ್ದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಶಾಫ್ಟಿನ ಬಾಯಿಗೆ ಇನ್ಸರ್ಟ್ ಎಂಬ ಸಣ್ಣ ಲೋಹದ ಕೊಳವೆ ಅಂಟಿಸುತ್ತೇವೆ. ಬ್ರಾಡ್‌ಹೆಡ್ಡನ್ನು ಅದಕ್ಕೇ ತಿರುಗಿಸಿ ಕೂರಿಸುವುದು. ಹನ್ನೊಂದು ಬಾಣಗಳಿಗೆ ನೆಟ್ಟಗೆ ಅಂಟಿಸಿದೆ. ಹನ್ನೆರಡನೆಯದಕ್ಕೆ ಬೇಕೆಂದೇ ವಾರೆಯಾಗಿ ಅಂಟಿಸಿದೆ. ಕಣ್ಣಿಗೆ ಕಾಣುವಷ್ಟಲ್ಲ. ಎಲ್ಲಕ್ಕಿಂತ ನೆಟ್ಟಗಿರುವುದು ಇದೇ, ಮೊದಲು ಇದನ್ನೇ ಹೊಡೆಯಿರಿ ಎಂದು ಹೇಳಿ ಕೊಡುವುದೆಂದು ತೀರ್ಮಾನಿಸಿದ್ದೆ. ಭಾವನ ಎದುರು, ಅಷ್ಟು ದೂರ ಹೋಗಿ, ಎರಡನೆಯ ವರ್ಷವೂ ಗುರಿ ತಪ್ಪಿದ ಮುಖ ಹೇಗಿರುತ್ತದೆಂದು ಕಲ್ಪಿಸಿಕೊಂಡಾಗ ಎಂಟು ತಿಂಗಳಲ್ಲಿ ಮೊದಲ ಸಲ ಹಾಯೆನಿಸಿತ್ತು.

ಅಂಟು ಒಣಗಿದ ಮೇಲೆ ಅಭ್ಯಾಸಬಲದಿಂದ ಆ ಬಾಣವನ್ನೂ ಉರುಳೆಯ ಮೇಲಿಟ್ಟು ತಿರುಗಿಸಿದೆ. ನೆಟ್ಟಗಿನ ಬಾಣದ ತುದಿ ತಿರುಗುವಾಗ ನಿಂತಂತೆ ಕಾಣುತ್ತದೆ. ಇದರದ್ದು ನಡುಗಿತು. ಆ ನಡುಕ ನೋಡುತ್ತಿದ್ದಾಗ ಕೂಟದಲ್ಲಿ ಯಾರೂ ನಗದ ಆ ಮಾತು ನೆನಪಾಯಿತು. ಬಾಣ ತಪ್ಪಿದರೆ ಡಾಕ್ಟರಿಗೆ ಆಗುವುದು ಅವಮಾನ, ಅದೂ ಒಂದು ಊಟದಷ್ಟು ಹೊತ್ತು. ಕಾಲೆಳೆದುಕೊಂಡು ಪೊದೆಯಲ್ಲಿ ಸಾಯುವುದು ಹಕ್ಕಿ. ಅದು ನನ್ನನ್ನು ನೋಡಿ ಇಂಡಿಕೇಟರ್ ತೋರಿಸಿರಲಿಲ್ಲ.

ಬಾಣವನ್ನು ಗರಗಸಕ್ಕೆ ಕೊಟ್ಟು ಎರಡು ತುಂಡು ಮಾಡಿದೆ. ಸೇಡನ್ನು ಬಿಡಲಿಲ್ಲ, ದಾರಿ ಬದಲಿಸಿದೆ. ಡಾಕ್ಟರಿಗೆ ಫೋನ್ ಮಾಡಿದೆ.

"ಶನಿವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ. ಬ್ರಾಡ್‌ಹೆಡ್ ಹಾಕಿ ಹೊಡೆಯದೆ ಬಾಣ ಕೊಡುವುದಿಲ್ಲ."

"ಶನಿವಾರ ರೇಂಜ್ ತುಂಬ ಜನ ಇರ್ತಾರಲ್ಲ. ಅವರೆದುರು ಎಂತಕ್ಕೆ?"

"ನೀವು ಹೇಳಿದ್ದೂ ಜನರ ಎದುರೇ ಅಲ್ವಾ ಡಾಕ್ಟ್ರೇ?"

ಶನಿವಾರ ಹತ್ತಕ್ಕೆ ಎಲ್ಲರೂ ಇದ್ದರು. ಇರುವಂತೆ ನಾನೇ ನೋಡಿಕೊಂಡಿದ್ದೆ. ಪದ್ಮಿನಿ ಮೇಡಂಗೆ ಎರಡು ಸಲ ಮೆಸೇಜ್ ಹಾಕಿದ್ದೆ. ಇಪ್ಪತ್ತು ಗಜ, ಹೊಸ ಫೋಮ್ ಗುರಿ. ಮೊದಲು ಪ್ರತಿ ಬಾಣವನ್ನೂ ಉರುಳೆಯ ಮೇಲೆ ತಿರುಗಿಸಿ ಎಲ್ಲರಿಗೂ ತೋರಿಸಿದೆ. ಒಂದೂ ನಡುಗಲಿಲ್ಲ. ಡಾಕ್ಟರು ಫೀಲ್ಡ್ ಪಾಯಿಂಟ್‌ನಲ್ಲಿ ಮೂರು ಹೊಡೆದರು. ಮೂರೂ ನಡುವೆ. ಆಮೇಲೆ ಬ್ರಾಡ್‌ಹೆಡ್‌ನಲ್ಲಿ ಮೂರು. ಮೂರೂ ಒಂದು ಗೇಣು ಎಡಕ್ಕೆ.

"ನೋಡಿ! ನಾನು ಹೇಳಿದ್ದು ಇದನ್ನೇ" ಎಂದು ಡಾಕ್ಟರು ಜನರತ್ತ ತಿರುಗಿದರು. ಹಿಂದಿನಿಂದ ಯಾರೋ ನಕ್ಕರು. ನಾನು ಕಾದೆ. ನಗು ಪೂರ್ತಿ ಮುಗಿಯಲೆಂದೇ ಕಾದೆ.

"ಸೆಲ್ವಂ ಅಣ್ಣಾ, ನಿಮ್ಮದೂ ಡಾಕ್ಟರದ್ದೂ ಒಂದೇ ತೋಳಿನ ಅಳತೆ. ಅದೇ ಬಿಲ್ಲು, ಅದೇ ಬಾಣ. ನೀವು ಹೊಡೀರಿ."

ಸೆಲ್ವಂ ಮೂರು ಫೀಲ್ಡ್ ಪಾಯಿಂಟ್, ಮೂರು ಬ್ರಾಡ್‌ಹೆಡ್ ಹೊಡೆದರು. ಆರೂ ಅಂಗೈಯಗಲದೊಳಗೆ ಒತ್ತಾಗಿ ನಿಂತವು. ಸೆಲ್ವಂ ಗುರಿಯ ಹತ್ತಿರ ಹೋಗಿ, ಬಗ್ಗಿ ನೋಡಿ, ತಮ್ಮ ತಮಿಳು ಬೆರೆತ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ಬಾಣ ಸರಿ ಇದೆ ಲಾ, ಡಾಕ್ಟರ್. ಕೈ ಸರಿ ಇಲ್ಲ."

ಡಾಕ್ಟರು ತಮ್ಮ ಎಡಗೈ ನೋಡಿಕೊಂಡರು. ನಾನು ಎಲ್ಲರಿಗೂ ಕೇಳುವಂತೆ ವಿವರಿಸಿದೆ. ಅವರು ಬಿಲ್ಲಿನ ಹಿಡಿಯನ್ನು ಡ್ರಿಲ್ ಮೆಶಿನ್ ಹಿಡಿದಂತೆ ಬಿಗಿ ಹಿಡಿಯುತ್ತಾರೆ, ಬಾಣ ಹೊರಡುವ ಗಳಿಗೆಯಲ್ಲಿ ಬಿಲ್ಲು ತಿರುಚಿಕೊಳ್ಳುತ್ತದೆ, ಅಲಗಿನ ರೆಕ್ಕೆ ಆ ತಿರುಚನ್ನು ಎಡಕ್ಕೆ ಒಯ್ಯುತ್ತದೆ. ಕಾರ್ಡನ್ನೂ ಪೆನ್ನನ್ನೂ ಮುಂದೆ ಹಿಡಿದೆ. ಅವರು ಕೊನೆಯ ಸಾಲನ್ನು ಓದಿ ಸಹಿ ಹಾಕಿದರು.

"ಹೋದ ವರ್ಷದ್ದಕ್ಕೂ ಡಾಕ್ಟ್ರೇ" ಎಂದು ಹಳೆಯ ಕಾರ್ಡ್ ಕೊಟ್ಟೆ. ಅವರ ಕಿವಿ ಕೆಂಪಾಯಿತು. ಅದಕ್ಕೂ ಹಾಕಿದರು.

ಪದ್ಮಿನಿ ಮೇಡಂ ಹತ್ತಿರ ಬಂದರು. "ವಿಲ್ಲಿ ಅಣ್ಣಾ, ಸಾರಿ. ಅವತ್ತು ನಾನೂ ನಗಾಡಿದ್ದೆ."

"ಗೊತ್ತುಂಟು ಮೇಡಂ. ಎಲ್ಲರಿಗಿಂತ ಜೋರಾಗಿ."

ಅಂದು ನನಗಾದ ಸಂತೋಷ ದೊಡ್ಡ ಮನಸ್ಸಿನದಲ್ಲ. ಅದನ್ನು ಇವತ್ತಿಗೂ ಮನಸ್ಸು ಮುಟ್ಟಿ ನೋಡುತ್ತದೆ, ಇನ್ನೂ ಬೆಚ್ಚಗಿದೆ.

ಮುಂದಿನ ಐದು ವಾರ ಡಾಕ್ಟರು ಹಿಡಿ ಸಡಿಲಿಸಲು ಕಲಿತರು. ತುದಿ ಈ ಸಲ ನಾನು ಹೇಳಿದ್ದು, ಮೆಕ್ಯಾನಿಕಲ್. ಇಪ್ಪತ್ತು ಗಜದಾಚೆ ಹೊಡೆಯಬಾರದೆಂದು ಕಾರ್ಡಿನಲ್ಲಿ ಬರೆದು ಅದಕ್ಕೂ ಸಹಿ ಪಡೆದೆ. ಏಪ್ರಿಲ್‌ನಲ್ಲಿ ಅವರು ಒಂದೇ ಬಾಣ ಹೊಡೆದರು. ಹಕ್ಕಿ ನಿಂತಲ್ಲೇ ಬಿತ್ತು. ಜೂನ್‌ನ ಕೂಟದಲ್ಲಿ ಆ ಕಥೆ ಹೇಳುವಾಗ ನನ್ನ ಹೆಸರು ಬಂತು, ನಗು ಬರಲಿಲ್ಲ.

ಬಾಣಗಳನ್ನು ಒಯ್ಯುವ ದಿನ ಅವರು ಪೆಟ್ಟಿಗೆ ಬಿಚ್ಚಿ ಎಣಿಸಿದ್ದರು. "ಹನ್ನೊಂದೇ ಉಂಟಲ್ಲ ವಿಲ್ಲಿ? ಇನ್ನೊಂದು?"

"ಅದು ಕೆಟ್ಟುಹೋಯ್ತು ಡಾಕ್ಟ್ರೇ. ನನ್ನ ಕೈಯಿಂದ."

ಅದರ ಎರಡು ತುಂಡುಗಳು ಇಂದಿಗೂ ನನ್ನ ಮೇಜಿನ ಡ್ರಾಯರಿನಲ್ಲಿವೆ. ಈ ಕೆಲಸ ನನಗೆ ಕಲಿಸಿದ್ದು ಎರಡು ಮಾತು. ನಮ್ಮವರಿಗೂ ಸಹಿಯ ಸಾಲನ್ನು ಖಾಲಿ ಬಿಡಬಾರದು. ಯಾರ ಮೇಲಿನ ಸೇಡನ್ನೂ ಬಾಣದೊಳಗೆ ಇಡಬಾರದು, ಅದು ಹೋಗಿ ತಾಗುವ ಜಾಗದಲ್ಲಿ ಅವರು ಇರುವುದಿಲ್ಲ.