ತಗ್ಗಿಸಿದ ಫಿಯೆಟ್‌ನಲ್ಲಿ ತಾಯಿಮನೆಗೆ

ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹೋಗುವ ಕಾರು ಕಂಡರೆ ನನಗೆ ಈಗಲೂ ಹೇಸಿಗೆ. ಅದಕ್ಕೆ ಕಾರಣ ಎಂಬತ್ತರ ದಶಕದ ನಮ್ಮ ಹಳೇ ಫಿಯೆಟ್, ಮತ್ತು ಅದನ್ನು ಹೆಂಡತಿಗಿಂತ ಹೆಚ್ಚು ಮುದ್ದು ಮಾಡುತ್ತಿದ್ದ ನನ್ನ ಗಂಡ.

ಇವರು ಗಲ್ಫ್ ಕೆಲಸ ಬಿಟ್ಟು ಊರಿಗೆ ಬಂದಿದ್ದರು. ನಾನು ಚೊಚ್ಚಲ ಬಸುರಿ. ಬಯಕೆ ಊಟ ಮುಗಿಸಿ ಶಕ್ತಿನಗರದಿಂದ ಸುರತ್ಕಲ್‌ನ ತಾಯಿಮನೆಗೆ ನನ್ನನ್ನು ಹೆರಿಗೆಗೆ ಬಿಡಬೇಕಿತ್ತು. ಆ ದಿನಕ್ಕೆ ಕಾರು ತಗ್ಗಬೇಕು, ಗಲ್ಫಿನ ಕಾರುಗಳ ಹಾಗೆ ಕಾಣಬೇಕು ಎಂಬ ಹುಚ್ಚು ಇವರಿಗೆ. ಕುಲುಕಾಟ ಆಗಲೇಬಾರದು, ಮಗುವಿಗೆ ಅಪಾಯ ಎಂದು ಡಾಕ್ಟರಮ್ಮ ಹೇಳಿದ್ದು ಇವರ ಎದುರೇ.

ಕಾರು ತಗ್ಗಿಸಲು ಬೇಕಾದ ಗಿಡ್ಡ ಸ್ಪ್ರಿಂಗ್, ಗಟ್ಟಿ ಶಾಕಬ್ಸರ್ ಬೊಂಬಾಯಿಯಿಂದ ತರಿಸುವುದು ದುಬಾರಿ. ಹಾಗಾಗಿ ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಮುಂದಿನ ಸ್ಪ್ರಿಂಗಿನ ಸುತ್ತು ಕೊಯ್ಯಿಸಿದರು, ಹಿಂದಿನ ಸ್ಪ್ರಿಂಗ್ ಪಟ್ಟಿಗಳಲ್ಲಿ ಕೆಲವನ್ನು ಕಳಚಿಸಿದರು. ಕುಲುಕಾಟ ತಡೆಯಬೇಕಾದ, ಎಣ್ಣೆ ಸೋರುವ ಹಳೇ ಶಾಕಬ್ಸರ್ ಹಾಗೇ ಉಳಿಯಿತು. ಅಂಗಳದಲ್ಲಿ ಖಾಲಿ ಕಾರು ನಿಲ್ಲಿಸಿ, ಚಕ್ರದ ಮೇಲಿನ ಸಂದಿಗೆ ಬೆರಳಿಟ್ಟು ಅಳೆದು, "ಎಷ್ಟು ಚಂದ ಉಂಟು ನೋಡು" ಎಂದರು. ನಮ್ಮ ಕಡೆ ತಾಯಿಮನೆಗೆ ಖಾಲಿ ಕಾರಿನಲ್ಲಿ ಹೋಗುವವರು ಯಾರು ಮಾರಾಯ್ರೆ? ಬಾಳೆಗೊನೆ, ತೆಂಗಿನಕಾಯಿ, ಉಂಡೆ ಚಕ್ಕುಲಿಯ ಡಬ್ಬಗಳು, ಕಳುಹಿಸಲು ಬರುವ ಅತ್ತೆ, ಮುಂದಿನ ಸೀಟಿಗೆ ಇವರ ದಡೂತಿ ದೋಸ್ತಿ. ಇದ್ಯಾವುದೂ ಆ ಬೆರಳಿನ ಅಳತೆಗೆ ಬರಲಿಲ್ಲ.

ಹೊರಟ ದಿನ ಗೇಟು ದಾಟುವಾಗಲೇ ಕಾರಿನ ಅಡಿ ಕೆರೆಯಿತು. ಪ್ರತಿ ಹೊಂಡದ ಪೆಟ್ಟೂ ಸೀದಾ ನನ್ನ ಸೊಂಟಕ್ಕೆ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಕೂತೆ. "ಸ್ವಲ್ಪ ಮೆಲ್ಲ ಹೋಗಿ" ಎಂದರೆ, "ಸೈಲೆನ್ಸರ್ ತಾಗ್ತದೆ ಅಂತ ನನಗೂ ಗೊತ್ತುಂಟು" ಎಂದರು. ಇವರ ಚಿಂತೆ ಸೈಲೆನ್ಸರಿನದ್ದು.

ನಂತೂರಿನ ಹತ್ತಿರ ರಸ್ತೆ ಅಗೆದು, ಅಡ್ಡಕ್ಕೆ ಮಣ್ಣಿನ ದಿಣ್ಣೆ ಬಿಟ್ಟಿದ್ದರು. ಇವರು ಕಾರು ನಿಲ್ಲಿಸಿ ಹಿಂದೆ ತಿರುಗಿ, "ನೀನೊಮ್ಮೆ ಇಳಿ. ಭಾರ ಕಮ್ಮಿ ಆದ್ರೆ ದಾಟ್ತದೆ" ಎಂದರು. ಹೇಳಿದ್ದು ನನಗೆ. ದೋಸ್ತಿಗೆ ಅಲ್ಲ, ಬಾಳೆಗೊನೆಗೂ ಅಲ್ಲ. ಆ ಪುಣ್ಯಾತ್ಮ ಸಿಗರೇಟು ಸೇದುತ್ತ ಕೂತೇ ಇದ್ದ.

ಇಳಿದೆ. ತಲೆತುಂಬ ಮಲ್ಲಿಗೆ ಮುಡಿದು, ಬಯಕೆಯ ಹೊಸ ಸೀರೆಯಲ್ಲಿ ಲಾರಿಗಳ ಧೂಳು ತಿನ್ನುತ್ತ ನಿಂತೆ. ಅತ್ತೆಯೂ ಇಳಿದರು. ಕಾರು ಕೆರೆಯುತ್ತ ದಿಣ್ಣೆ ದಾಟಿತು. ಇವರು ಕಾರಿನಿಂದ ಹಾರಿ ಇಳಿದು ಬಗ್ಗಿ, ಅದರ ಹೊಟ್ಟೆಯಡಿ ಕೈಯಾಡಿಸಿ, "ಎಂತ ಆಗ್ಲಿಲ್ಲ" ಎಂದು ನಕ್ಕರು. ನನ್ನ ಹೊಟ್ಟೆಯ ಕಡೆ ಒಮ್ಮೆಯೂ ನೋಡಲಿಲ್ಲ.

ಅತ್ತೆ ಒಂದು ಆಟೋಗೆ ಕೈ ತೋರಿಸಿದರು. "ನೀನು ಬಾಳೆಗೊನೆಯನ್ನು ಜಾಗ್ರತೆಯಲ್ಲಿ ಕರ್ಕೊಂಡು ಬಾ ಮಾರಾಯ" ಎಂದು ಮಗನಿಗೆ ಹೇಳಿ, ನನ್ನನ್ನು ಹತ್ತಿಸಿ ತಾವೂ ಹತ್ತಿದರು.

ದೇವರ ದಯೆ, ಮಗಳು ಗಟ್ಟಿಮುಟ್ಟಾಗಿ ಹುಟ್ಟಿದಳು. ಬಾಣಂತನ ಮುಗಿದು ನಮ್ಮನ್ನು ಕರೆದೊಯ್ಯಲು ಇವರು ಅದೇ ಕಾರು ತಂದು, ತಾಯಿಮನೆಯ ಗೇಟಿನೊಳಗೆ ಬಾರದ್ದಕ್ಕೆ ಹೊರಗೆ ನಿಲ್ಲಿಸಿದ್ದರು. ನಾನು ಮಗುವನ್ನೆತ್ತಿಕೊಂಡು ಅದರ ಪಕ್ಕದಿಂದಲೇ ನಡೆದು ಹೋಗಿ ಶಕ್ತಿನಗರಕ್ಕೆ ಬಸ್ಸು ಹತ್ತಿದೆ.