ಮಿರಜಿಗೆ ಒಯ್ದ ಹುತ್ತದ ಮಣ್ಣು

ರಾಜ್ಯಗಳನ್ನು ಹೊಸದಾಗಿ ಹಂಚಿದ ಮೇಲೆ ಬಂದ ಮೊದಲ ಆಷಾಢದಲ್ಲಿ, ಮಗಳು ಸುಶೀಲಾಳನ್ನು ತವರಿಗೆ ಕರೆತರಲು ಅಥಣಿ ಕಡೆಯ ನಮ್ಮ ಊರಿನಿಂದ ಮಿರಜಿನ ಬಸ್ಸು ಹತ್ತಿದೆ. ಮದುವೆಯಾದ ವರ್ಷ ಆಷಾಢದಲ್ಲಿ ಸೊಸೆ ಅತ್ತೆಮನೆಯಲ್ಲಿ ಇರಬಾರದು. ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ ಎಂದುಕೊಂಡಿದ್ದೆ. ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಒದ್ದೆ ಅರಿವೆಯಲ್ಲಿ ಸುತ್ತಿದ ಹುತ್ತದ ಮಣ್ಣು. ನಡುವೆ ಮಂಗಳವಾರ ಬರುತ್ತಿತ್ತು. ಆಷಾಢದ ಮಂಗಳವಾರ ನಮ್ಮ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ ಪೂಜಿಸುವುದು ತಪ್ಪಬಾರದಲ್ಲ.

ಕಿಟಕಿಯ ಬದಿ ಸಿಕ್ಕಿತು, ಮಳೆಯೂ ಬರಲಿಲ್ಲ, ದೇವರು ದೊಡ್ಡವನು. ಕಾಗವಾಡ ದಾಟಿದ ಮೇಲೆ ಕಂಡಕ್ಟರ್, "ಅಕ್ಕಾರ, ನಿಮ್ಮ ಮೈಸೂರು ರಾಜ್ಯ ಮುಗೀತ್ರಿ, ಇನ್ನ ಮುಂಬೈ," ಎಂದ. ಹೊರಗೆ ಅದೇ ಎರೆ ಹೊಲ, ಅದೇ ಜಾಲಿ ಗಿಡ. ಒಂದು ಎಮ್ಮೆ ಆ ಕಡೆಯಿಂದ ಈ ಕಡೆ ನಡೆದಿತ್ತು. "ಆ ಎಮ್ಮಿಗೆ ಯಾರರ ಹೇಳ್ಯಾರೇನಪಾ?" ಎಂದೆ. ಬಸ್ಸೆಲ್ಲ ನಕ್ಕಿತು.

ಮಿರಜಿನಿಂದ ಬೀಗರ ಮನೆಯಿರುವ ವಿಶ್ರಾಮಬಾಗಕ್ಕೆ ಟಾಂಗಾದವನು ಎಂಟಾಣೆ ತೆಗೆದುಕೊಂಡ. ಬೀಗರು ಸಾಲಿ ಮಾಸ್ತರರು. ಮನೆತನ ಮೂಲದಲ್ಲಿ ಕನ್ನಡದ್ದೇ. ಈಗ ಮರಾಠಿ ಆಡುತ್ತಾರೆ, ನನ್ನ ಸಲುವಾಗಿ ಕನ್ನಡ ಹುಡುಕಿ ತೆಗೆಯುತ್ತಾರೆ. ಬಿಸಿನೀರು ಕೊಟ್ಟರು, ಚಹಾ ಕೊಟ್ಟರು, ಅದಕ್ಕೆ ಹೆಸರಿಡುವುದಿಲ್ಲ. ಆದರೆ ಬುಟ್ಟಿಯ ಮಣ್ಣು ಕಂಡದ್ದೇ ಮಾತು ತಿರುಗಿತು.

"ಇದು ನಾಳೆ ದೇವರಾಗತೈತೇನ್ರಿ?"

"ಆಗತಾಳ್ರಿ."

"ಮಾಡಾಕಿ ನಿಮ್ಮ ಮಗಳು. ಅಂದಮ್ಯಾಲ ದೇವರನ್ನ ಮಾಡಿದವರು ಯಾರಾತು?"

"ರೊಟ್ಟಿ ನಾನ ಬಡೀತೇನ್ರಿ. ಹಸಿವು ನಾ ಮಾಡಿಲ್ಲ."

ಅವರು ಬಿಡಲಿಲ್ಲ. "ದೇವರು, ಜಗತ್ತು ಹುಟ್ಟಿದ ಕತಿ, ಎಲ್ಲಾ ಮನಶ್ಯಾ ಕಟ್ಟಿದ್ದು. ಮೊನ್ನೆ ಗಡಿ ಗೆರಿ ಎಳದ್ರು. ನೀವು ಆ ಕಡೆ, ನಾವು ಈ ಕಡೆ. ನೂರು ವರ್ಷ ಹೋದ್ರ ಅದನ್ನೂ ದೇವರ ಎಳದಾನ ಅಂತಾರ. ನಿಮ್ಮ ಆಷಾಢನೂ ಹಾಂಗ. ಸೊಸಿನ್ನ ಕಳಸೂದಿಲ್ಲ."

ಸುಶೀಲಾ ಅಡುಗೆಮನೆಯ ಬಾಗಿಲಲ್ಲಿ ಸೆರಗಿನ ತುದಿ ತಿರುವುತ್ತ ನಿಂತಿದ್ದಳು. ಅವಳ ಹಿಂದೆ, ತವರಿಗೆಂದು ಕಟ್ಟಿಟ್ಟ ಗಂಟು. ನನ್ನ ಮೈಯೆಲ್ಲ ಉರಿಯಿತು. ದೇವರನ್ನು ಬೈದರೆ ದೇವರು ತನ್ನದು ತಾನು ನೋಡಿಕೊಳ್ಳುತ್ತಾನೆ. ದೇವರಿಲ್ಲ ಎಂಬ ಮಾತಿನ ದಂಡವನ್ನು ನನ್ನ ಮಗಳು ಯಾಕೆ ತೆರಬೇಕು?

"ಗೆರಿ ಎಳದವರ ಹೆಸರು ಪೇಪರಿನ್ಯಾಗ ಬಂದಾವ್ರಿ," ಎಂದೆ. "ನಮ್ಮನ್ನ ಮಣ್ಣಿನ್ಯಾಗಿಂದ ಕಲಸಿದವರ ಹೆಸರು ಯಾವ ಪೇಪರಿನ್ಯಾಗ ಐತಿ, ತೋರಸ್ರಿ." ಅವರು ನಕ್ಕು ಎದ್ದು ಹೋದರು. ಆ ನಗು ಇನ್ನೂ ಚುಚ್ಚುತ್ತದೆ.

ಮರುದಿನ ಮಂಗಳವಾರ. ಬೀಗರ ತಾಯಿ, ಎಲ್ಲರೂ ಆಜಿ ಅನ್ನುವವರು, ನಮ್ಮಿಬ್ಬರನ್ನೂ ಹರಿಪುರಕ್ಕೆ ಸಂಗಮದ ಸ್ನಾನಕ್ಕೆ ಕರೆದೊಯ್ದರು. ಕೃಷ್ಣೆ ವಾರಣೆ ಎರಡೂ ಕೆಂಪಗೆ ತುಂಬಿದ್ದವು. ಮನೆಯಲ್ಲಿ ಗುಳ್ಳವ್ವನ ಪೂಜೆ ಬೇಡವೆಂದರೇನು, ಘಾಟಿನ ಮೆಟ್ಟಿಲು ಮಾಸ್ತರರದಲ್ಲ. ಸುಶೀಲಾ ಅಲ್ಲೇ ಕುಳಿತು ಮಣ್ಣು ನಾದಿದಳು. ಪ್ರತಿ ವರ್ಷದಂತೆ ನಾನು ನಮ್ಮಜ್ಜಿಯ ಕಥೆ ತೆಗೆದೆ.

"ಆದಿಯೊಳಗ ಅವ್ವ ಒಬ್ಬಾಕಿನ ಇದ್ಳು. ರೊಟ್ಟಿ ಹಿಟ್ಟು ನಾದಕೋಂತ ಕುಂತಿದ್ಳು. ಉಣ್ಣಾಕ ಯಾರೂ ಇಲ್ಲಂತ ನೆನಪಾಗಿ ಎದ್ದಾಕಿನ ಮಣ್ಣಿಗೆ ಕೈ ಹಾಕಿದ್ಳು..."

"ಹಾತ ಧುತಲೇ ನಾಹೀತ," ಎಂದರು ಆಜಿ. ನಾನು ತಿರುಗಿ ನೋಡಿದೆ. ಆಜಿ ತುಕ್ಕು ಹಿಡಿದ ಕನ್ನಡದಲ್ಲಿ ಮುಂದುವರಿಸಿದರು: "ಕೈ ತೊಳೀಲಿಲ್ಲ ಆಕಿ. ಕೈಯಾಗಿನ ಹಿಟ್ಟು ಮಣ್ಣಿನ್ಯಾಗ ಕೂಡ್ತು. ಅದಕ್ಕ ಮನಶ್ಯಾಗ ಹಸಿವು."

ಅಕ್ಷರ ತಪ್ಪದೆ ಅದೇ ಕಥೆ. ಆಜಿಗೆ ಅದನ್ನು ಹೇಳಿದ್ದು ಮಿರಜಿನ ಕಡೆಯ ಬೇಡಗ ಊರಿನ ಅವರಜ್ಜಿ. ನಮ್ಮಜ್ಜಿಯೋ, ಊರ ಹಳ್ಳ ದಾಟಿದವಳಲ್ಲ.

ಸಂಜೆ ಬೀಗರಿಗೆ ಹೇಳಿದೆ. "ಯಾವಾಕಿನೋ ಕಟ್ಟ್ಯಾಳ," ಎಂದರು. "ಕುರಿಯವರ ಸಂಗಟ ನಡಕೋಂತ ಬಂದೈತಿ."

"ನಡದ ಬರಲಿ. ಅದು ಬಂದ ದಾರೀಲೆ ನನ್ನ ಮಗಳನ್ನೂ ಕಳಸ್ರಿ."

ಆಜಿ ಅಡಿಕೆ ಕತ್ತರಿಸುತ್ತಿದ್ದವರು ತಲೆ ಎತ್ತದೆಯೇ ಮಗನಿಗೆ ಹೇಳಿದರು: "ಬಾಳಾ, ಮೊದಲ ಆಷಾಢಕ್ಕ ನನ್ನ ಕರಿಯಾಕೂ ನಮ್ಮವ್ವ ಬಂದಿದ್ಳು. ಕಳಸಲಿಲ್ಲಂದ್ರ ಓಡಿ ಹೋಗಾಕಿ ಇದ್ದೆ, ತಿರುಗಿ ಬರತಿದ್ದಿಲ್ಲ. ಆಮ್ಯಾಲ ನಿನ್ನ ಯಾರು ಕಟ್ಟತಿದ್ರು?"

ಸುಶೀಲಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮಾಸ್ತರರು ಕಂದೀಲಿನ ಬತ್ತಿ ಸರಿ ಮಾಡಿದರು. "ಶ್ರಾವಣಕ್ಕ ತಿರುಗಿ ಕಳಸ್ರಿ," ಎಂದರು.

ಬುಧವಾರ ಮಿರಜಿನ ನಿಲ್ದಾಣದಲ್ಲಿ ಜಿನುಗು ಮಳೆ. ಉಳಿದ ಮಣ್ಣಿದ್ದ ಬುಟ್ಟಿಯನ್ನು ಬೀಗರೇ ತಳಕ್ಕೆ ಅಂಗೈ ಕೊಟ್ಟು ಹೊತ್ತು ತಂದು, ಬಸ್ಸಿನೊಳಗೆ ಇಟ್ಟರು. "ನಾ ಒಪ್ಪಿಲ್ಲರಿ ಮತ್ತ," ಎಂದರು.

"ನಿಮ್ಮ ಒಪ್ಪಿಗಿ ನಿಮ್ಮ ಕಡೇನ ಇರಲಿ. ಮಗಳು ಬಂದ್ಳು, ಸಾಕು."

ಬಸ್ಸು ಹೊರಟಿತು. ತಿರುಗಿ ನೋಡಿದೆ. ಬುಟ್ಟಿ ಸೋರಿ ಅವರ ಅಂಗೈ ತುಂಬ ಮಣ್ಣಾಗಿತ್ತು. ಇಸ್ತ್ರಿ ಮಾಡಿದ ಬಿಳಿ ಧೋತರಕ್ಕೆ ಒರೆಸಿಕೊಳ್ಳಲೊಲ್ಲದೆ, ಬೆರಳು ಅಗಲಿಸಿ ಕೈಯನ್ನು ಮೈಯಿಂದ ದೂರ ಹಿಡಿದು, ಹಿಟ್ಟು ನಾದುತ್ತ ನಡುವೆ ಎದ್ದು ಬಂದವರ ಹಾಗೆ ಮಳೆಯಲ್ಲಿ ನಿಂತಿದ್ದರು.